ಮಟ್ಟು ಮರೆತ ಹಾಡುಗಳು: ಗಲೀಸಿಯ-ಪೋರ್ಚುಗೀಸ್ ಗೀತಕಾವ್ಯ ಮತ್ತು ಅದರ ಹಸ್ತಪ್ರತಿಗಳು

ಯುರೋಪು ಖಂಡದ ನೈಋತ್ಯದಲ್ಲಿರುವ ಐಬೀರಿಯ ಪರ್ಯಾಯದ್ವೀಪದ ವಾಯವ್ಯ ಮೂಲೆಗೆ ಗಲೀಸಿಯವೆಂದು ಹೆಸರು. ಅದರ ದಕ್ಷಿಣಕ್ಕೆ ಪೋರ್ಚುಗಲ್ ದೇಶವಿದೆ. ಈ ಎರಡು ನಾಡುಗಳ ನುಡಿಗಳು ಇಂದು ಬೇರೆ ಬೇರೆಯಾಗಿದ್ದರೂ ಮಧ್ಯಯುಗದಲ್ಲಿ ಅವು ಒಂದೇ ಆಗಿದ್ದುವು. ಆ ನುಡಿಯಲ್ಲಿ ಸುಮಾರು ಕ್ರಿ.ಶ. 1200ರಿಂದ 1350ರವರೆಗೆ ಸಮೃದ್ಧವಾದ ಗೀತಕಾವ್ಯವೊಂದು ಬೆಳೆಯಿತು. ಆ ನಾಡಿನಲ್ಲಿ ಹುಟ್ಟಿದವರು ಮಾತ್ರವೇ ಅಲ್ಲ, ನೆರೆಯ ಕ್ಯಾಸ್ಟೀಲಿನ ಆಸ್ಥಾನದ ಕವಿಗಳೂ ಹಾಡು ಕಟ್ಟಬೇಕಾದಾಗ ಈ ನುಡಿಯನ್ನೇ ಆಶ್ರಯಿಸುತ್ತಿದ್ದರು. ಕ್ಯಾಸ್ಟೀಲಿನ ದೊರೆ ಹತ್ತನೆಯ ಅಲ್ಫೋನ್ಸೋ (ಆಳ್ವಿಕೆ 1252–1284) ಧರ್ಮಶಾಸ್ತ್ರ, ಇತಿಹಾಸ, ಜ್ಯೋತಿಷಗಳನ್ನು ತನ್ನ ನಾಡಿನ ಕ್ಯಾಸ್ಟೀಲಿಯನ್ ಗದ್ಯದಲ್ಲಿ ಬರೆಯಿಸಿದನು. ಹಾಡುಗಳನ್ನು ಮಾತ್ರ ಗಲೀಸಿಯದ ನುಡಿಯಲ್ಲಿ ರಚಿಸಿದನು. ರಾಜ್ಯಭಾರಕ್ಕೆ ಒಂದು ಭಾಷೆ, ಗಾನಕ್ಕೆ ಇನ್ನೊಂದು ಭಾಷೆ ಎಂಬ ಈ ಏರ್ಪಾಡು ಯೋಚನೆಗೆ ಯೋಗ್ಯವಾದುದು.

ಈ ಹಾಡುಗಳಿಗೆ ‘ಕಾಂತಿಗ’ ಎಂದು ಹೆಸರು. ಲೌಕಿಕ ವಿಷಯದ ಸುಮಾರು 1680 ಕಾಂತಿಗಗಳು ಉಳಿದು ಬಂದಿವೆ. ಅವುಗಳಲ್ಲಿ ಮೂರು ಮುಖ್ಯ ಬಗೆಗಳು. ಪುರುಷನು ತಾನೊಲಿದ ಒಡತಿಯನ್ನು ಕುರಿತು ಹಾಡುವುದು ಮೊದಲನೆಯದು. ನಿಂದೆ ಪರಿಹಾಸಗಳ ಹಾಡು ಎರಡನೆಯದು. ಮೂರನೆಯದಾದ ‘ಕಾಂತಿಗ ದೆ ಅಮೀಗೋ’ ಎಂಬುದೇ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುವಂಥದು. ಅಮೀಗೋ ಎಂದರೆ ಗೆಳೆಯ, ಇಲ್ಲಿ ಇನಿಯ. ಬರೆದವರೆಲ್ಲರೂ ಗಂಡಸರೇ, ಹಾಡುವ ದನಿ ಮಾತ್ರ ಹೆಣ್ಣಿನದು. ಅವಳು ತಾಯಿಯೊಡನೆ, ಗೆಳತಿಯರೊಡನೆ, ಕೆಲವೊಮ್ಮೆ ಮರಗಳೊಡನೆಯೂ ಕಡಲ ಅಲೆಗಳೊಡನೆಯೂ ಮಾತನಾಡುತ್ತಾಳೆ. ಇಂಥ ಹಾಡುಗಳು ಸುಮಾರು 500 ಇವೆ.

ಈ ಹಾಡುಗಳ ಕಟ್ಟಡವನ್ನು ಅರಿಯದೆ ಮುಂದಿನ ಮಾತು ತಿಳಿಯದು. ಒಂದು ಚರಣದಲ್ಲಿ ಎರಡು ಸಾಲು, ಬಳಿಕ ಪಲ್ಲವಿ. ಎರಡನೆಯ ಚರಣವು ಮೊದಲನೆಯದನ್ನೇ ಮತ್ತೆ ಹೇಳುತ್ತದೆ. ಆದರೆ ಪ್ರಾಸಸ್ಥಾನದ ಪದವನ್ನು ಬದಲಿಸಿ ಸಮಾನಾರ್ಥಕವೊಂದನ್ನು ಇಡುತ್ತದೆ. ಮೂರನೆಯ ಚರಣವು ಮೊದಲನೆಯ ಚರಣದ ಎರಡನೆಯ ಸಾಲನ್ನು ತನ್ನ ಮೊದಲ ಸಾಲಾಗಿ ಎತ್ತಿಕೊಂಡು ಹೊಸ ಸಾಲೊಂದನ್ನು ಸೇರಿಸುತ್ತದೆ. ನಾಲ್ಕನೆಯದು ಎರಡನೆಯದರ ಕೊನೆಯ ಸಾಲನ್ನು ಎತ್ತಿಕೊಳ್ಳುತ್ತದೆ. ಹೀಗೆ ಮಾತು ಒಂದು ಹೆಜ್ಜೆ ಮುಂದಿಟ್ಟು ಅರೆಹೆಜ್ಜೆ ಹಿಂದೆ ಬರುತ್ತದೆ. ಓದುವವನಿಗೆ ಇದು ಪುನರುಕ್ತಿಯೆಂದು ತೋರಬಹುದು. ಆದರೆ ಇದು ಓದುವುದಕ್ಕಾಗಿ ಹುಟ್ಟಿದ್ದಲ್ಲ. ಮಟ್ಟಿನೊಡನೆ ಕೇಳಿದಾಗ ಮಾತ್ರ ಪದ ಬದಲಾಗುವ ಆ ಒಂದು ಕ್ಷಣದ ಬೆಲೆ ಗೊತ್ತಾಗುತ್ತದೆ. ಆ ಮಟ್ಟುಗಳು ಏನಾದುವು ಎಂಬುದೇ ಇಲ್ಲಿಯ ಪ್ರಶ್ನೆ.

ಲೌಕಿಕ ಗೀತಗಳು ಮುಖ್ಯವಾಗಿ ಮೂರು ಸಂಕಲನಗ್ರಂಥಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿ ಎರಡು, ಅಂದರೆ ಈಗ ಲಿಸ್ಬನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವುದೂ ವ್ಯಾಟಿಕನ್ನಿನಲ್ಲಿರುವುದೂ, 16ನೆಯ ಶತಮಾನದ ಮೊದಲ ಭಾಗದಲ್ಲಿ ಇಟಲಿಯಲ್ಲಿ ಆಂಜೆಲೊ ಕೊಲೊಚ್ಚಿ ಎಂಬ ವಿದ್ವಾಂಸನಿಗಾಗಿ ಪ್ರತಿಯಾದುವು. ಕೊಲೊಚ್ಚಿಗೆ ಛಂದಸ್ಸಿನಲ್ಲಿ ಆಸಕ್ತಿ. ಅಂಚುಗಳಲ್ಲಿ ಅವನು ಬರೆದ ಟಿಪ್ಪಣಿಗಳು ಇದನ್ನು ತೋರಿಸುತ್ತವೆ. ಸಂಗೀತದ ಒಂದು ಗುರುತೂ ಆ ಪ್ರತಿಗಳಲ್ಲಿಲ್ಲ. ಆದರೂ ಅವನು ಪ್ರತಿ ಮಾಡಿಸದೆ ಇದ್ದಿದ್ದರೆ ಈ ಕಾವ್ಯದ ಬಹುಭಾಗವು ಹೆಸರಿಲ್ಲದೆ ಅಳಿಯುತ್ತಿತ್ತು.

ಮೂರನೆಯದು ಲಿಸ್ಬನ್ನಿನ ಅಜೂದ ಅರಮನೆಯ ಗ್ರಂಥಾಲಯದಲ್ಲಿದೆ. ಕವಿಗಳ ಕಾಲಕ್ಕೆ ಅತ್ಯಂತ ಸಮೀಪವಾದುದು ಇದೇ. 13ನೆಯ ಶತಮಾನದ ಕೊನೆ ಅಥವಾ 14ನೆಯದರ ಆರಂಭಕ್ಕೆ ಸೇರಿದುದು. ಇದರಲ್ಲಿ 310 ಹಾಡುಗಳಿವೆ. ಲಿಪಿಕಾರನು ಪ್ರತಿ ಹಾಡಿನ ಮೊದಲ ಚರಣವನ್ನು ಬರೆಯುವಾಗ ಸಾಲು ಸಾಲಿನ ನಡುವೆ ಅಗಲವಾಗಿ ಜಾಗ ಬಿಟ್ಟಿದ್ದಾನೆ. ಆ ಜಾಗವು ಸ್ವರಲಿಪಿಗಾಗಿ. ಉಳಿದ ಚರಣಗಳು ಅದೇ ಮಟ್ಟಿನಲ್ಲಿ ನಡೆಯುವುದರಿಂದ ಅವುಗಳಿಗೆ ಜಾಗ ಬೇಕಿಲ್ಲ. ಆದರೆ ಸ್ವರ ಬರೆಯುವವನು ಬರಲೇ ಇಲ್ಲ. ಚಿತ್ರಗಾರನೂ ಅರ್ಧದಲ್ಲಿ ಕೈಬಿಟ್ಟನು. ಅವನು ಬರೆದ 16 ಚಿತ್ರಗಳಲ್ಲಿ ಕುಳಿತಿರುವ ಪ್ರಭುವನ್ನೂ, ವಾದ್ಯ ಹಿಡಿದ ಗಾಯಕನನ್ನೂ, ತಾಳವಾದ್ಯ ಹಿಡಿದ ಹೆಣ್ಣನ್ನೂ ಕಾಣಬಹುದು. ಹಾಡುವವರು ಕಣ್ಣೆದುರಿಗೆ ಕುಳಿತಿದ್ದಾರೆ, ಹಾಡು ಮಾತ್ರ ಕೇಳಿಸುವುದಿಲ್ಲ.

ಹೀಗಿರಲು 20ನೆಯ ಶತಮಾನದ ಎರಡನೆಯ ದಶಕದಲ್ಲಿ ಮಾಡ್ರಿಡ್ಡಿನ ಪುಸ್ತಕವ್ಯಾಪಾರಿ ಪೇದ್ರೊ ವಿಂದೆಲ್ ಎಂಬುವನಿಗೆ ಸಿಸಿರೋನ ಗ್ರಂಥವೊಂದರ ಹಳೆಯ ಪ್ರತಿ ದೊರೆಯಿತು. ಅದರ ರಟ್ಟಿನ ಒಳಪದರವಾಗಿ ಅಂಟಿಸಿದ್ದ ಚರ್ಮಪತ್ರವೊಂದರಲ್ಲಿ ಮಾರ್ತಿನ್ ಕೊಡಾಷ್ ಎಂಬ ಕವಿಯ ಏಳು ಅಮೀಗೋ ಹಾಡುಗಳಿದ್ದುವು, ಆರಕ್ಕೆ ಸ್ವರಲಿಪಿಯೂ ಇದ್ದಿತು. 1915ರಲ್ಲಿ ವಿಂದೆಲ್ ಅದರ ಯಥಾಪ್ರತಿಯನ್ನು ಪ್ರಕಟಿಸಿದನು. ಮೂಲವು ಕೈಯಿಂದ ಕೈಗೆ ದಾಟಿ 1977ರಲ್ಲಿ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯವನ್ನು ಸೇರಿತು. ಹಾಡಿನ ಹಾಳೆಯನ್ನು ಬೇಡವಾದ ಚರ್ಮವೆಂದು ಬಗೆದು ಬೇರೊಂದು ಪುಸ್ತಕಕ್ಕೆ ಅಂಟಿಸಿದವನನ್ನು ಬಯ್ಯಬೇಕೋ ಹರಸಬೇಕೋ ತಿಳಿಯದು. ಅವನು ಅಂಟಿಸದಿದ್ದರೆ ಅದು ಉಳಿಯುತ್ತಿತ್ತೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ.

ಕೊಡಾಷನ ಜೀವನದ ವಿಷಯವಾಗಿ ಯಾವ ದಾಖಲೆಯೂ ಇಲ್ಲ. ಅವನ ಹಾಡುಗಳು ಗಲೀಸಿಯದ ವೀಗೋ ಪಟ್ಟಣದ ಕಡಲನ್ನು ಬಿಟ್ಟು ದೂರ ಹೋಗುವುದಿಲ್ಲ. ಒಬ್ಬ ಹುಡುಗಿ ಅಲೆಗಳನ್ನು ಕುರಿತು ತನ್ನವನ ಸುದ್ದಿ ಕೇಳುತ್ತಾಳೆ. ಅವನು ಬರುವನೆಂಬ ಸುದ್ದಿ ಕೇಳಿ ಹಿಗ್ಗುತ್ತಾಳೆ. ಗೆಳತಿಯರನ್ನು ಕಡಲಸ್ನಾನಕ್ಕೆ ಕರೆಯುತ್ತಾಳೆ. ಏಳನೆಯ ಹಾಡಿನಲ್ಲಿ ಮತ್ತೆ ಅಲೆಗಳನ್ನೇ ಕೇಳುತ್ತಾಳೆ. ಇಟಲಿಯ ಪ್ರತಿಗಳಲ್ಲಿಯೂ ಏಳು ಹಾಡುಗಳು ಇದೇ ಕ್ರಮದಲ್ಲಿರುವುದರಿಂದ ಇದನ್ನು ಒಂದು ಮಾಲೆಯೆಂದೇ ಅನೇಕರು ತಿಳಿಯುತ್ತಾರೆ. ಆರನೆಯದು ಗುಡಿಯ ಆವರಣದಲ್ಲಿ ಹುಡುಗಿ ಕುಣಿಯುವುದನ್ನು ಹೇಳುವ ಹಾಡು. ವಿಧಿಯ ವಿಪರ್ಯಾಸವೆಂದರೆ ಏಳರಲ್ಲಿ ಸ್ವರವಿಲ್ಲದೆ ಬರಿದಾಗಿ ಉಳಿದಿರುವುದು ಈ ಕುಣಿತದ ಹಾಡೊಂದೇ.

1990ರಲ್ಲಿ ಇನ್ನೊಂದು ಪತ್ರವು ಬೆಳಕಿಗೆ ಬಂದಿತು. ಅಮೆರಿಕದ ವಿದ್ವಾಂಸ ಹಾರ್ವಿ ಷಾರರ್ ಲಿಸ್ಬನ್ನಿನ ತೋರ್ರೆ ದೊ ತೋಂಬೊ ದಫ್ತರಖಾನೆಯಲ್ಲಿ ಹುಡುಕುತ್ತಿದ್ದಾಗ ಪೋರ್ಚುಗಲ್ಲಿನ ದೊರೆ ದಿನಿಸ್ (ಆಳ್ವಿಕೆ 1279–1325) ರಚಿಸಿದ ಏಳು ಪ್ರೇಮಗೀತೆಗಳ ತುಂಡುಗಳನ್ನು ಸ್ವರಲಿಪಿಯೊಡನೆ ಕಂಡರು. ಈ ದೊರೆ ಅಲ್ಫೋನ್ಸೋವಿನ ಮೊಮ್ಮಗ. ಅವನ ಹೆಸರಿನಲ್ಲಿ 137 ಹಾಡುಗಳಿವೆ. ಇದೂ ರಟ್ಟಿಗೆ ಬಳಕೆಯಾಗಿದ್ದ ಹಾಳೆಯೇ, ಹರಿದು ಸವೆದದ್ದು. ಆರೂ ಏಳೂ ಸೇರಿ 13. ಸುಮಾರು 1680 ಲೌಕಿಕ ಗೀತಗಳಲ್ಲಿ ಸ್ವರದೊಡನೆ ನಮಗೆ ಉಳಿದಿರುವುದು ಇಷ್ಟೇ.

ಇದಕ್ಕೆ ಎದುರಾಗಿ ಅಲ್ಫೋನ್ಸೋ ದೊರೆಯ ಆಸ್ಥಾನದಲ್ಲಿ ಸಿದ್ಧವಾದ ಮೇರಿಮಾತೆಯ ಗೀತಗಳನ್ನು ನೋಡಬೇಕು. ಅವು 420ರಷ್ಟಿವೆ, ನಾಲ್ಕು ಹಸ್ತಪ್ರತಿಗಳಲ್ಲಿ ಮೂರರಲ್ಲಿ ಸ್ವರಲಿಪಿಯಿದೆ. ನಾಲ್ಕನೆಯದು ಫ್ಲಾರೆನ್ಸಿನಲ್ಲಿದೆ, ಅದರಲ್ಲಿ ಸ್ವರದ ಗೆರೆಗಳನ್ನೆಳೆದು ಹಾಗೆಯೇ ಬಿಟ್ಟಿದ್ದಾರೆ. ಪವಾಡದ ಕಥೆಗಳ ನಡುವೆ ಪ್ರತಿ ಹತ್ತನೆಯದು ಸ್ತುತಿಗೀತೆ. ಎಸ್ಕೋರಿಯಲ್ಲಿನ ಒಂದು ಪ್ರತಿಯಲ್ಲಿ ಅಂಥ ಪ್ರತಿಯೊಂದು ಸ್ತುತಿಯ ತಲೆಯಲ್ಲಿಯೂ ವಾದ್ಯಗಾರರ ಚಿತ್ರವಿದೆ. ದೊರೆಯ ಹಣದಿಂದ ಒಂದೇ ಸಂಕಲ್ಪದಲ್ಲಿ ಸಿದ್ಧವಾದ ಗ್ರಂಥಗಳು ಉಳಿದುವು; ಗಾಯಕರ ಬಾಯಲ್ಲಿಯೂ ಬಿಡಿಹಾಳೆಗಳಲ್ಲಿಯೂ ಇದ್ದ ಹಾಡುಗಳ ಮಟ್ಟು ಹೋಯಿತು.

ಸ್ವರ ಉಳಿದಲ್ಲಿಯೂ ತೊಡಕು ತೀರುವುದಿಲ್ಲ. ಆ ಕಾಲದ ಲಿಪಿಯು ಸ್ವರದ ಏರಿಳಿತವನ್ನು ಸ್ಪಷ್ಟವಾಗಿ ತಿಳಿಸುತ್ತದೆ. ಯಾವ ಸ್ವರವನ್ನು ಎಷ್ಟು ಹೊತ್ತು ಎಳೆಯಬೇಕೆಂಬುದನ್ನು ಎಲ್ಲೆಡೆಯೂ ಅಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಮೇರಿಮಾತೆಯ ಗೀತಗಳ ಮೂಲವನ್ನು ಹುಲಿಯಾನ್ ರಿಬೇರಾ 1922ರಲ್ಲಿ ಅರಬ್ಬೀ ಸಂಗೀತದಲ್ಲಿ ಹುಡುಕಿದರು; ಇಹಿನಿ ಆಂಗ್ಲೆಸ್ 1943ರಿಂದ 1964ರವರೆಗೆ ಪ್ರಕಟಿಸಿದ ಬೃಹತ್ ಸಂಪುಟಗಳಲ್ಲಿ ಲಿಪಿಯ ಆಕಾರಗಳನ್ನೇ ನಂಬಿ ಬೇರೆ ದಾರಿ ಹಿಡಿದರು. ಅದೇ ಹಾಳೆಯನ್ನು ಮುಂದಿಟ್ಟುಕೊಂಡು ಇಬ್ಬರು ಗಾಯಕರು ಬೇರೆ ಬೇರೆ ಲಯದಲ್ಲಿ ಹಾಡುವುದನ್ನು ನಾವು ಇಂದಿಗೂ ಕೇಳಬಹುದು.

ಮಟ್ಟಿಲ್ಲದ ಹಾಡುಗಳಿಗೆ ಇನ್ನೊಂದು ದಾರಿಯಿದೆ. ಲಿಸ್ಬನ್ನಿನ ಪ್ರತಿಯ ಆರಂಭದಲ್ಲಿ ಕಾವ್ಯರಚನೆಯ ಲಕ್ಷಣಗ್ರಂಥವೊಂದರ ತುಣುಕು ಉಳಿದಿದೆ. ಅದರಲ್ಲಿ ‘ಅನುಸರಿಸುವ ಹಾಡು’ ಎಂಬ ಬಗೆಯನ್ನು ವಿವರಿಸಿದೆ: ಬೇರೊಬ್ಬನ ಮಟ್ಟನ್ನು ತೆಗೆದುಕೊಂಡು ಅದಕ್ಕೆ ಹೊಸ ಮಾತನ್ನು ಹೊಂದಿಸುವುದು. ಇದನ್ನು ಆಧರಿಸಿ ವಿದ್ವಾಂಸರು ಅಕ್ಷರಗಣನೆಯೂ ಪ್ರಾಸವಿನ್ಯಾಸವೂ ಹೊಂದುವ ಪ್ರೊವಾನ್ಸ್, ಫ್ರಾನ್ಸ್ ದೇಶಗಳ ಹಾಡುಗಳನ್ನು ಹುಡುಕಿ ಅವುಗಳ ಮಟ್ಟನ್ನು ಇಲ್ಲಿಗೆ ತರುತ್ತಾರೆ. ವಿಧಾನವು ಉಪಯುಕ್ತವೇ. ಆದರೆ ಒಂದೇ ಛಂದಸ್ಸಿಗೆ ಹತ್ತು ಮಟ್ಟುಗಳಿರಬಹುದು. ಛಂದಸ್ಸು ಹೊಂದಿತೆಂಬ ಒಂದೇ ಕಾರಣದಿಂದ ಮಟ್ಟೂ ಅದೇ ಎನ್ನುವುದು ಅವಸರದ ತೀರ್ಮಾನ. ಮಾತಿನಲ್ಲಿಯೂ ಪ್ರತಿಧ್ವನಿ ಕಂಡಾಗ ಮಾತ್ರ ಅದನ್ನು ಒಪ್ಪುವುದು ಲೇಸೆಂದು ನಮ್ಮ ಅಭಿಪ್ರಾಯ.

ಅಭ್ಯಾಸಕ್ಕೆ ತೊಡಗುವ ವಿದ್ಯಾರ್ಥಿಯು ಇತಿಹಾಸಗ್ರಂಥಗಳಿಗಿಂತ ಮೊದಲು ಕೊಡಾಷನ ಹಾಳೆಯ ಛಾಯಾಚಿತ್ರವನ್ನು ನೋಡಬೇಕು. ಮೊದಲ ಹಾಡಿನ ಮೊದಲ ಚರಣದಲ್ಲಿ ಯಾವ ಅಕ್ಷರಕ್ಕೆ ಒಂದೇ ಸ್ವರ, ಯಾವುದಕ್ಕೆ ಸ್ವರಗಳ ಗೊಂಚಲು ಎಂದು ಬೆರಳಿಟ್ಟು ಎಣಿಸಬೇಕು. ಬಳಿಕ ಅದೇ ಸ್ವರಗಳ ಕೆಳಗೆ ಎರಡನೆಯ ಚರಣವನ್ನು ತಾನೇ ಬರೆದು ಹೊಂದಿಸಬೇಕು. ಬದಲಾದ ಪದವು ಎಲ್ಲಿ ಬೀಳುತ್ತದೆಂಬುದನ್ನು ಕಿವಿಯೇ ಹೇಳುತ್ತದೆ. ಆರನೆಯ ಹಾಡಿಗೆ ಬಂದಾಗ ಕೆಲವು ಗಾಯಕರು ನೆರೆಯ ಹಾಡಿನ ಮಟ್ಟನ್ನು ಸಾಲ ತರುತ್ತಾರೆ, ಕೆಲವರು ತಾವೇ ಕಟ್ಟುತ್ತಾರೆ, ಇನ್ನು ಕೆಲವರು ಅದನ್ನು ಬರಿಯ ಮಾತಿನಲ್ಲಿ ಓದಿ ಏಳನೆಯದಕ್ಕೆ ದಾಟುತ್ತಾರೆ. ಆ ಹಾಳೆಯು 2017ರಲ್ಲಿ ಪ್ರದರ್ಶನಕ್ಕಾಗಿ ನ್ಯೂಯಾರ್ಕಿನಿಂದ ವೀಗೋ ಪಟ್ಟಣಕ್ಕೆ, ತನ್ನ ಹಾಡುಗಳು ಹೆಸರಿಸುವ ಕಡಲ ಕರೆಗೆ, ಕೆಲವು ತಿಂಗಳ ಮಟ್ಟಿಗೆ ಬಂದಿತ್ತು.