ವೇಳಾಪಟ್ಟಿಯ ವಿಮಾನ, ಬಾಡಿಗೆಯ ವಿಮಾನ

ಮಕ್ಕಳೇ, ಬೆಳುಗುಪ್ಪದಿಂದ ಕಲ್ಯಾಣದುರ್ಗಕ್ಕೆ ಹೋಗುವ ಆರ್.ಟಿ.ಸಿ. ಬಸ್ಸನ್ನು ನೀವು ನೋಡಿದ್ದೀರಿ. ಅದು ಹೊರಡುವ ಹೊತ್ತು ಗೊತ್ತಾಗಿರುತ್ತದೆ. ಟಿಕೆಟು ಕೊಂಡ ಯಾರಾದರೂ ಹತ್ತಬಹುದು. ಮದುವೆ ದಿಬ್ಬಣಕ್ಕೆ ಗೊತ್ತುಮಾಡಿದ ಬಸ್ಸು ಹಾಗಲ್ಲ. ಬಾಡಿಗೆ ಕೊಟ್ಟವರು ಹೇಳಿದ ದಿನ, ಹೇಳಿದ ಊರಿಗೆ ಹೋಗುತ್ತದೆ. ದಾರಿಯಲ್ಲಿ ಕೈಯೊಡ್ಡಿದವರಿಗಾಗಿ ನಿಲ್ಲುವುದಿಲ್ಲ. ಆಕಾಶದಲ್ಲಿಯೂ ಇಂತಹುದೇ ಭೇದವಿದೆ.

ಗೊತ್ತಾದ ಊರುಗಳ ನಡುವೆ, ಪ್ರಕಟಿಸಿದ ವೇಳಾಪಟ್ಟಿಯಂತೆ, ಸಾರ್ವಜನಿಕರೆಲ್ಲರಿಗೂ ತೆರೆದಿರುವ ವಿಮಾನ ಸಂಚಾರವನ್ನು ನಮ್ಮ ದೇಶದ ನಿಯಮಗಳು ‘ನಿಗದಿತ ಸೇವೆ’ ಎನ್ನುತ್ತವೆ. ವೇಳಾಪಟ್ಟಿ ಅಚ್ಚು ಹಾಕಿಸದಿದ್ದರೂ, ಕ್ರಮ ತಪ್ಪದೆ ಮತ್ತೆ ಮತ್ತೆ ಅದೇ ಊರಿಗೆ ಜನರನ್ನು ಒಯ್ದರೆ ಅದೂ ನಿಗದಿತ ಸೇವೆಯೇ! ಉಳಿದ ಬಾಡಿಗೆ ಹಾರಾಟಗಳು ‘ಅನಿಗದಿತ ಸೇವೆ’. ರೋಗಿಗಳನ್ನು ಸಾಗಿಸುವ ಆಂಬುಲೆನ್ಸ್ ವಿಮಾನ ಸಾಮಾನ್ಯವಾಗಿ ಈ ಗುಂಪಿನದು. ಸ್ವಂತಕ್ಕೆಂದು ಇಟ್ಟುಕೊಂಡ ವಿಮಾನದಲ್ಲಿ ಹಣ ಪಡೆದು ಯಾರನ್ನೂ ಒಯ್ಯುವಂತಿಲ್ಲ.

1953ರ ಕಾನೂನಿನಿಂದ ನಿಗದಿತ ಸೇವೆ ಸರಕಾರಿ ನಿಗಮಗಳ ಪಾಲಾಯಿತು. ಆದುದರಿಂದ 1990ರ ದಶಕದ ಆರಂಭದಲ್ಲಿ ಖಾಸಗಿ ಸಂಸ್ಥೆಗಳು ‘ಏರ್ ಟ್ಯಾಕ್ಸಿ’ ಎಂಬ ಹೆಸರಿನಲ್ಲಿ ಹಾರಬೇಕಾಯಿತು. ಆ ಕಾನೂನು 1994ರಲ್ಲಿ ರದ್ದಾಯಿತು.

ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಕಥೆಯಲ್ಲಿ ಎರಡೂ ಬಗೆಗಳಿವೆ. ಸೈನ್ಯ ಬಿಟ್ಟು ಬೇಸಾಯ ಮಾಡಿದ ಅವರು ಮೊದಲು ಬೆಂಗಳೂರಿನಲ್ಲಿ ಹೆಲಿಕಾಪ್ಟರುಗಳನ್ನು ಬಾಡಿಗೆಗೆ ಕೊಡುವ ಡೆಕ್ಕನ್ ಏವಿಯೇಷನ್ ಸಂಸ್ಥೆಯನ್ನು ನಡೆಸಿದರು. ಬಾಡಿಗೆ ಸೇವೆಗೆ ಒಂದೇ ವಿಮಾನವಿದ್ದರೂ ಸಾಕು. ಸಾಮಾನ್ಯ ಜನರನ್ನು ಕಡಿಮೆ ದರದಲ್ಲಿ ಒಯ್ಯಬೇಕೆಂದು 2003ರಲ್ಲಿ ಅವರು ಏರ್ ಡೆಕ್ಕನ್ ಆರಂಭಿಸಿದಾಗ ನಿಗದಿತ ಸೇವೆಯ ಪರವಾನಗಿ ಬೇಕಾಯಿತು. ಅದಕ್ಕೆ ಹೆಚ್ಚು ವಿಮಾನ, ಹೆಚ್ಚು ಬಂಡವಾಳ ಬೇಕು. ಹೊಣೆಯೂ ಹೆಚ್ಚು. ನಾಲ್ಕೇ ಜನ ಬಂದರೆಂದು ಬಾಡಿಗೆ ಜೀಪಿನವನು ಕಾಯುತ್ತಾ ಕೂರಬಹುದು. ವೇಳಾಪಟ್ಟಿಯನ್ನು ನಂಬಿ ಟಿಕೆಟು ಕೊಂಡವರನ್ನು ವಿಮಾನ ಸಂಸ್ಥೆ ಹಾಗೆ ಕಾಯಿಸುವುದು ಸರಿಯೇ? ಪರೀಕ್ಷೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು ಅವರಲ್ಲಿ ಇರುತ್ತಾರೆ. ಅಷ್ಟೇ ಅಲ್ಲ, ಈಶಾನ್ಯ ರಾಜ್ಯಗಳಂತಹ ದೂರದ ಪ್ರದೇಶಗಳಿಗೂ ಇಂತಿಷ್ಟು ಹಾರಾಟ ನಡೆಸಬೇಕೆಂದು 1994ರಲ್ಲಿಯೇ ನಿಗದಿತ ಸಂಸ್ಥೆಗಳಿಗೆ ಕಟ್ಟಳೆಯಾಗಿತ್ತು.

ನಮಗೆ ಹತ್ತಿರದ ಬಳ್ಳಾರಿ ಸೀಮೆಯ ವಿದ್ಯಾನಗರಕ್ಕೆ 2017ರಲ್ಲಿ ಉಡಾನ್ ಯೋಜನೆಯಡಿ ಹೈದರಾಬಾದಿನಿಂದ ವೇಳಾಪಟ್ಟಿಯ ವಿಮಾನ ಬಂದಿತು. ಈ ಯೋಜನೆಯಲ್ಲಿ ಸುಮಾರು ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಆಸನಗಳ ದರ 2,500 ರೂಪಾಯಿ ಮೀರಬಾರದೆಂದು ಆಗ ಗೊತ್ತುಮಾಡಲಾಗಿತ್ತು. ದಿಬ್ಬಣದ ಬಸ್ಸಿಗೆ ಇಂತಹ ದರ ಕಟ್ಟಲು ಬರುವುದೇ? ಯೋಚಿಸಿ ಹೇಳಿರಿ.