ಥಿಯಾಸಾಫಿಕಲ್ ಸೊಸೈಟಿ: ಟಿಪ್ಪಣಿ

ಆರ್ಯ ಸಮಾಜ ಮುಂಬೈಯಲ್ಲಿ ಹುಟ್ಟಿದ 1875ರಲ್ಲೇ ನ್ಯೂಯಾರ್ಕಿನಲ್ಲಿ ಥಿಯಾಸಾಫಿಕಲ್ ಸೊಸೈಟಿಯೂ (ಬ್ರಹ್ಮವಿದ್ಯಾ ಸಮಾಜ) ಹುಟ್ಟಿತು. ಸ್ಥಾಪಕರು ರಷ್ಯಾ ಮೂಲದ ಮೇಡಂ ಬ್ಲಾವಟ್‌ಸ್ಕಿ, ಕರ್ನಲ್ ಆಲ್ಕಾಟ್ ಮತ್ತು ವಿಲಿಯಂ ಜಡ್ಜ್. ಆನಿ ಬೆಸೆಂಟ್ ಸ್ಥಾಪಕಿಯಲ್ಲ; ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಅವರು ಭಾರತಕ್ಕೆ ಬಂದದ್ದು 1893ರಲ್ಲಿ, ಅಧ್ಯಕ್ಷೆಯಾದದ್ದು 1907ರಲ್ಲಿ. ಸಮಾಜದ ಕೇಂದ್ರ 1882ರಿಂದ ಮದ್ರಾಸಿನ ಅಡ್ಯಾರ್.

ಎಲ್ಲ ಧರ್ಮಗಳ ಬುಡದಲ್ಲಿ ಒಂದೇ ಗುಪ್ತಜ್ಞಾನವಿದೆ ಎಂಬುದು ಇವರ ಮೂಲ ನಂಬಿಕೆ. ಕರ್ಮ, ಪುನರ್ಜನ್ಮಗಳನ್ನು ಒಪ್ಪಿದರು. ಜಾತಿ, ಮತ, ಲಿಂಗಭೇದವಿಲ್ಲದ ವಿಶ್ವಭ್ರಾತೃತ್ವವನ್ನು ಸಾರಿದರು. ಬ್ಲಾವಟ್‌ಸ್ಕಿಯ ‘ದಿ ಸೀಕ್ರೆಟ್ ಡಾಕ್ಟ್ರಿನ್’ ಪ್ರಕಟವಾದದ್ದು 1888ರಲ್ಲಿ. ಅದಕ್ಕೂ ಮುನ್ನ, ಆಕೆ ತೋರಿಸಿದರೆನ್ನಲಾದ ಪವಾಡಗಳನ್ನು ತನಿಖೆ ಮಾಡಿದ 1885ರ ಹಾಡ್ಜ್‌ಸನ್ ವರದಿ ಅವನ್ನು ವಂಚನೆ ಎಂದಿತ್ತು.

ಪವಾಡಗಳಿಗಿಂತ ಗಟ್ಟಿಯಾಗಿ ಉಳಿದದ್ದು ಸಾಂಸ್ಕೃತಿಕ ಕೆಲಸ. ಸಿಂಹಳದಲ್ಲಿ ಆಲ್ಕಾಟ್ ಬೌದ್ಧ ಶಾಲೆಗಳಿಗೆ ಬೆಂಬಲವಾದರು. ಬೆಸೆಂಟ್ 1898ರಲ್ಲಿ ಬನಾರಸ್ಸಿನಲ್ಲಿ ಸೆಂಟ್ರಲ್ ಹಿಂದೂ ಕಾಲೇಜು ತೆರೆದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಅದೇ ಬೀಜ. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಸ್ಥಾಪನೆಯಲ್ಲೂ ಅವರ ಹೆಸರಿದೆ. ರಾಜಕೀಯದಲ್ಲಿ ಅವರದು 1916ರಲ್ಲಿ ಸ್ವಯಮಾಡಳಿತಕ್ಕಾಗಿ ಹೋಂ ರೂಲ್ ಲೀಗ್, 1917ರಲ್ಲಿ ಕಾಂಗ್ರೆಸ್ಸಿನ ಮೊದಲ ಮಹಿಳಾ ಅಧ್ಯಕ್ಷೆ ಪಟ್ಟ.

ಸಮಾಜವು ಮುಂದಿನ ಜಗದ್ಗುರುವೆಂದು ಬೆಳೆಸಿದ ಜಿಡ್ಡು ಕೃಷ್ಣಮೂರ್ತಿಯವರು, ಆ ಉದ್ದೇಶಕ್ಕಾಗಿಯೇ ಕಟ್ಟಿದ್ದ ‘ಆರ್ಡರ್ ಆಫ್ ದ ಸ್ಟಾರ್’ ಸಂಘವನ್ನು 1929ರಲ್ಲಿ ತಾವೇ ವಿಸರ್ಜಿಸಿದರು.