ದ್ವೀಪರಾಷ್ಟ್ರದ ವಿದ್ಯುಜ್ಜಾಲದಲ್ಲಿ ಬಿಸಿಲು, ಗಾಳಿ ಮತ್ತು ಶಕ್ತಿಸಂಚಯ

2025ನೆಯ ಇಸವಿಯ ಫೆಬ್ರವರಿ 9, ಭಾನುವಾರ. ಬೆಳಗಿನ ಹನ್ನೊಂದು ಗಂಟೆ ದಾಟಿದ್ದಿತು. ಕೊಲಂಬೊ ನಗರದ ದಕ್ಷಿಣಕ್ಕಿರುವ ಪಾನದುರದ ವಿದ್ಯುತ್ ಉಪಕೇಂದ್ರದಲ್ಲಿ ಕೋತಿಯೊಂದು ಪರಿವರ್ತಕವನ್ನು ಸ್ಪರ್ಶಿಸಿತೆಂದೂ, ಅದರಿಂದಾಗಿ ಇಡೀ ಶ್ರೀಲಂಕೆಯ ವಿದ್ಯುತ್ ಪೂರೈಕೆ ನಿಂತುಹೋಯಿತೆಂದೂ ಆ ದೇಶದ ಇಂಧನ ಸಚಿವರು ತಿಳಿಸಿದರು. ಲಂಕೆಗೆ ಕಪಿಯ ಕಾಟ ಹೊಸತಲ್ಲವೆಂದು ನಗುವವರು ನಗಬಹುದು. ಆದರೆ ಒಂದು ಉಪಕೇಂದ್ರದ ದೋಷವು ಒಂದು ರಾಷ್ಟ್ರವನ್ನೇ ಕತ್ತಲಿಗೆ ದೂಡಿದ್ದೇಕೆ ಎಂಬ ಪ್ರಶ್ನೆ ನಗೆಯ ವಿಷಯವಲ್ಲ.

ವಿದ್ಯುಜ್ಜಾಲದಲ್ಲಿ ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣಕ್ಕೂ ಸಮವಾಗಿರಬೇಕು. ಶ್ರೀಲಂಕೆಯ ಜಾಲದ ಆವರ್ತನ, ನಮ್ಮದರಂತೆಯೇ, 50 ಹರ್ಟ್ಜ್. ಉತ್ಪಾದನೆ ತಟಕ್ಕನೆ ತಗ್ಗಿದರೆ ಆವರ್ತನವೂ ಕುಸಿಯುತ್ತದೆ. ಜಲ ಹಾಗೂ ಉಷ್ಣ ವಿದ್ಯುತ್ ಕೇಂದ್ರಗಳ ಭಾರವಾದ ಯಂತ್ರಗಳು, ಬೀಸುಕಲ್ಲು ಕೈಬಿಟ್ಟ ಮೇಲೂ ಒಂದು ಸುತ್ತು ತಿರುಗುವಂತೆ, ತಮ್ಮ ಜಡತ್ವದಿಂದ ಆ ಕುಸಿತದ ವೇಗವನ್ನು ಕೆಲವು ಸೆಕೆಂಡುಗಳವರೆಗೆ ತಗ್ಗಿಸುತ್ತವೆ. ಸೌರಫಲಕದಲ್ಲಿ ತಿರುಗುವುದೇನೂ ಇಲ್ಲ. ಆ ಭಾನುವಾರ ಬೇಡಿಕೆ ಅಲ್ಪ, ಬಿಸಿಲಿನ ವಿದ್ಯುತ್ತಿನ ಪಾಲು ಅಧಿಕ, ತಿರುಗುತ್ತಿದ್ದ ಯಂತ್ರಗಳು ವಿರಳ. ನೊರೊಚ್ಚೋಲೆಯ ಕಲ್ಲಿದ್ದಲು ಕೇಂದ್ರದ ತಲಾ 300 ಮೆಗಾವಾಟಿನ ಘಟಕಗಳೂ ಸ್ತಬ್ಧವಾದವು. ಸಂಜೆಯ ವೇಳೆಗೆ ದೀಪಗಳು ಮರಳಿದರೂ ಮುಂದಿನ ದಿನಗಳಲ್ಲಿ ಸರದಿಯ ಕಡಿತ ತಪ್ಪಲಿಲ್ಲ.

ಭಾರತದಂತಹ ವಿಶಾಲ ದೇಶದಲ್ಲಿ ಒಂದೆಡೆ ಕೊರತೆಯಾದರೆ ಮತ್ತೊಂದೆಡೆಯ ಯಂತ್ರಗಳು ಹೆಗಲು ಕೊಡುತ್ತವೆ. ದ್ವೀಪಕ್ಕೆ ನೆರೆಮನೆಯಿಲ್ಲ. ಕಡಲನ್ನು ದಾಟಿ ಭಾರತದೊಡನೆ ವಿದ್ಯುತ್ ಸಂಪರ್ಕ ಕಲ್ಪಿಸುವ ಮಾತು ಬಹುಕಾಲದಿಂದ ನಡೆದುಬಂದಿದೆಯಷ್ಟೆ.

ಇಲ್ಲಿ ಇನ್ನೊಂದು ವೈಚಿತ್ರ್ಯವನ್ನು ಗಮನಿಸಬೇಕು. ಛಾವಣಿಯ ಮೇಲೆ ಸೌರಫಲಕಗಳನ್ನು ಹೊಂದಿದ್ದ ಮನೆಗಳಲ್ಲಿಯೂ ನಡುಹಗಲಿನಲ್ಲಿ ವಿದ್ಯುತ್ತಿರಲಿಲ್ಲ. ಸಾಮಾನ್ಯ ಇನ್ವರ್ಟರು ಜಾಲದ ಆವರ್ತನವನ್ನು ಅನುಸರಿಸಿ ನಡೆಯುವ ಸಾಧನ. ಜಾಲ ಸತ್ತರೆ ತಾನೂ ನಿಲ್ಲುತ್ತದೆ. ತಂತಿ ದುರಸ್ತಿ ಮಾಡುವ ಕಾರ್ಮಿಕನ ಪ್ರಾಣರಕ್ಷಣೆಗಾಗಿ ಅದು ಹಾಗೆ ನಿಲ್ಲಲೇಬೇಕು. ತಾನೇ ಆವರ್ತನವನ್ನು ನಿರ್ಮಿಸಬಲ್ಲ ಇನ್ವರ್ಟರುಗಳೂ ಈಗ ಉಂಟು. ಬ್ಯಾಟರಿಯೊಡನೆ ಕೂಡಿದಾಗ ಅವು ಯಂತ್ರದ ಜಡತ್ವಕ್ಕೆ ಬಹುಮಟ್ಟಿಗೆ ಬದಲಿಯಾಗುತ್ತವೆ.

ಗಾಳಿಯ ಸ್ವಭಾವ ಬೇರೆ. ಮನ್ನಾರ್ ದ್ವೀಪದ 30 ಗಾಳಿಯಂತ್ರಗಳ ಒಟ್ಟು ಸಾಮರ್ಥ್ಯ 103.5 ಮೆಗಾವಾಟ್. ನೈರುತ್ಯ ಮಾರುತದ ತಿಂಗಳುಗಳಲ್ಲಿ ಅವು ಹಗಲಿರುಳೆನ್ನದೆ ದುಡಿಯುತ್ತವೆ. ಮಾರುತ ಹಿಂದೆಗೆದಾಗ ಬಳಲುತ್ತವೆ. ಆದುದರಿಂದ ಗಾಳಿಗೆ ಋತುವಿನ ಲೆಕ್ಕ, ಬಿಸಿಲಿಗೆ ಗಂಟೆಯ ಲೆಕ್ಕ. ಲಕ್ಷಪಾನ, ವಿಕ್ಟೋರಿಯಾ ಮೊದಲಾದ ಜಲಾಶಯಗಳು ಎರಡಕ್ಕೂ ಆಸರೆಯಾಗಬಲ್ಲವು. ಬಿಸಿಲಿದ್ದಾಗ ನೀರನ್ನು ತಡೆದು, ಇರುಳಿಗೆ ಬಿಡಬಹುದು. ಆದರೆ ಮಹಾವೇಲಿಯ ನೀರಿನ ಮೇಲೆ ಭತ್ತದ ಗದ್ದೆಗಳಿಗೂ ಹಕ್ಕಿದೆ; ವಿದ್ಯುತ್ತಿನ ಗಡಿಯಾರವೊಂದನ್ನೇ ನೋಡಿ ತೂಬು ತೆರೆಯುವಂತಿಲ್ಲ.

2025ರ ಏಪ್ರಿಲಿನಲ್ಲಿ, ಸಿಂಹಳ ಮತ್ತು ತಮಿಳು ಹೊಸವರ್ಷದ ರಜೆಯಲ್ಲಿ, ಬೇಡಿಕೆ ಮತ್ತೆ ಇಳಿಯಿತು. ಹಗಲಿನಲ್ಲಿ ಛಾವಣಿಯ ಫಲಕಗಳನ್ನು ಸ್ವತಃ ಆರಿಸಿಡಿರೆಂದು ವಿದ್ಯುತ್ ಮಂಡಳಿ ಗೃಹಸ್ಥರನ್ನು ಕೋರಬೇಕಾಯಿತು. ಸಾಲ ಮಾಡಿ ಫಲಕ ಕೂರಿಸಿದವನಿಗೆ ಈ ಕೋರಿಕೆ ಕಹಿಯೆನಿಸಿದ್ದರೆ ಸೋಜಿಗವಿಲ್ಲ. ಬೇಡಿಕೆ ಶಿಖರಕ್ಕೇರುವುದು ಸಂಜೆ ಆರೂವರೆಯ ಅನಂತರ, ಆಗ ಸೂರ್ಯನಿಲ್ಲ. ಕ್ಷಣದ ಆಘಾತಕ್ಕೆ ಬ್ಯಾಟರಿ, ಗಂಟೆಗಳ ಅಂತರಕ್ಕೆ ಎತ್ತರದ ಕೆರೆಗೆ ನೀರನ್ನು ಮರಳಿ ಏರಿಸುವ ಸ್ಥಾವರ. ಮಹಾಓಯದಲ್ಲಿ 600 ಮೆಗಾವಾಟಿನ ಅಂತಹ ಸ್ಥಾವರವೊಂದನ್ನು ಯೋಜಿಸಲಾಗಿದೆ. 2030ರೊಳಗೆ ಶೇಕಡಾ 70ರಷ್ಟು ವಿದ್ಯುತ್ತನ್ನು ನವೀಕರಿಸಬಹುದಾದ ಮೂಲಗಳಿಂದಲೇ ಪಡೆಯಬೇಕೆಂಬುದು ಆ ದೇಶವು ಹಾಕಿಕೊಂಡಿರುವ ಗುರಿ. ಫಲಕಗಳು ಅದಕ್ಕೆ ತಕ್ಕ ವೇಗದಲ್ಲಿ ಏರಿವೆ, ಸಂಚಯ ಏರಿಲ್ಲ.